ಕಡಲು ಕಳೆದುಕೊಂಡ ಸಂಸ್ಥಾನ

ನಮ್ಮ ಚಾಮರಾಜಪುರಂನಿಂದ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಮಾನಂದವಾಡಿ ರಸ್ತೆ ಸಿಗುತ್ತದೆ. ಮೈಸೂರಿನ ರಸ್ತೆಗೆ ವಯನಾಡಿನ ಊರೊಂದರ ಹೆಸರೇಕೆ ಎಂದು ರಜೆಗೆ ಬಂದ ನೆಂಟರ ಮಕ್ಕಳು ಕೇಳುವುದುಂಟು. ಅಲ್ಲಿಗೆ ಹೋಗುವ ರಸ್ತೆ, ಅದಕ್ಕೇ ಆ ಹೆಸರು ಎನ್ನುವುದು ಸುಲಭದ ಉತ್ತರ. ಆದರೆ ದಾರಿ ಮಾನಂದವಾಡಿಯಲ್ಲಿ ನಿಲ್ಲುವುದಿಲ್ಲ. ಘಟ್ಟ ಇಳಿದು ತಲಶ್ಶೇರಿ, ಕಣ್ಣೂರುಗಳ ಕಡಲ ದಂಡೆಯನ್ನು ಮುಟ್ಟುತ್ತದೆ. ಮೈಸೂರಿನಿಂದ ಪಶ್ಚಿಮಕ್ಕೆ ಹೊರಡುವ ಹಳೆಯ ದಾರಿಗಳೆಲ್ಲ ಹೀಗೆಯೇ. ಹುಣಸೂರು, ಪಿರಿಯಾಪಟ್ಟಣ, ಮಡಿಕೇರಿಗಳನ್ನು ದಾಟಿ ಸಂಪಾಜೆ ಘಟ್ಟ ಇಳಿದರೆ ಮಂಗಳೂರು. ವಿರಾಜಪೇಟೆಯ ಆಚೆ ಪೆರುಂಬಾಡಿಯಲ್ಲಿ ಇಳಿದರೆ ಕಣ್ಣೂರು. ದಾರಿಯ ತುದಿಯಲ್ಲಿ ಹಡಗು ನಿಲ್ಲುವ ರೇವೊಂದು ಕಾದಿರುತ್ತಿತ್ತು.

ಈಗ ಭೂಪಟವನ್ನು ನೋಡಿ. ಮೈಸೂರಿಗೆ ಮಂಗಳೂರು ಸುಮಾರು 250 ಕಿಲೋಮೀಟರ್. ಮದರಾಸು, ಅಂದರೆ ಇಂದಿನ ಚೆನ್ನೈ, ಹೆಚ್ಚು ಕಡಿಮೆ ಅದರ ಎರಡರಷ್ಟು. ಆದರೂ ಬೆಂಗಳೂರಿನ ಮೂಲಕ ಮದರಾಸಿನ ಕಡೆಯ ರೈಲು ಮೈಸೂರಿಗೆ 1882ರಲ್ಲೇ ಬಂದಿತು. ಘಟ್ಟ ಇಳಿದು ಮಂಗಳೂರು ಸೇರುವ ರೈಲು 1979ರವರೆಗೂ ಬರಲಿಲ್ಲ. ಈ 97 ವರ್ಷಗಳ ಅಂತರಕ್ಕೆ ಎಲ್ಲರೂ ಘಟ್ಟದ ಇಳಿಜಾರನ್ನು ದೂರುತ್ತಾರೆ. ಇಳಿಜಾರೇನೋ ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ 1799ರಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ತರಗತಿಯಲ್ಲಿ 1799 ಎಂದೊಡನೆ ನೀವೆಲ್ಲ ಒಕ್ಕೊರಲಿನಿಂದ "ಟಿಪ್ಪುವಿನ ಮರಣ, ಶ್ರೀರಂಗಪಟ್ಟಣದ ಪತನ" ಎನ್ನುತ್ತಿದ್ದಿರಿ. ಪಠ್ಯಪುಸ್ತಕವೂ ಕೋಟೆಯ ಬಿರುಕಿಗೆ ಒಂದು ಪುಟ ಕೊಟ್ಟು, ಆಮೇಲೆ ನಡೆದ ರಾಜ್ಯ ವಿಭಜನೆಗೆ ಒಂದು ಸಾಲು ಕೊಟ್ಟು ಮುಗಿಸುತ್ತಿತ್ತು. ಆ ಒಂದು ಸಾಲಿನಲ್ಲಿ ಮೈಸೂರು ತನ್ನ ಕಡಲನ್ನು ಕಳೆದುಕೊಂಡಿತು.

ಕಳೆದುಕೊಂಡದ್ದು ಎಂಥದು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಪಶ್ಚಿಮ ಘಟ್ಟದಿಂದ ಕಡಲಿಗೆ ಇಳಿಯುವ ನದಿಗಳು ಉದ್ದವಲ್ಲ. ಆದರೆ ಪ್ರತಿಯೊಂದರ ಅಳಿವೆಯಲ್ಲಿ ಒಂದು ಬಂದರು, ದೋಣಿ ಸಾಗುವ ಕೊನೆಯ ತಾಣದಲ್ಲಿ ಒಂದು ಪೇಟೆ, ಅದರ ನೆತ್ತಿಗೆ ಒಂದು ಘಟ್ಟದ ದಾರಿ. ಶರಾವತಿಯ ಅಳಿವೆಯಲ್ಲಿ ಹೊನ್ನಾವರ, ದೋಣಿಯ ಕೊನೆಗೆ ಗೇರುಸೊಪ್ಪೆ, ಘಟ್ಟ ಹತ್ತಿದರೆ ಇಕ್ಕೇರಿ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಕೆಳದಿ ಅರಸರ ಆಸ್ಥಾನಕ್ಕೆ ಬಂದದ್ದು ಇದೇ ದಾರಿಯಲ್ಲಿ. ಅವನಿಗಿಂತ ಮೊದಲು, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಮಂಗಳೂರಿನಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗಿದ್ದನು. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಭಟ್ಕಳ, ಹೊನ್ನಾವರಗಳಲ್ಲಿ ಇಳಿಯುತ್ತಿದ್ದವು. ಮೇಲಿನಿಂದ ಮೆಣಸು, ಅಕ್ಕಿ, ಅಡಕೆ, ಗಂಧ ಇಳಿದರೆ ಕೆಳಗಿನಿಂದ ಉಪ್ಪು ಹತ್ತುತ್ತಿತ್ತು. ಗಾಡಿ ಹೋಗದ ಆ ದಾರಿಗಳಲ್ಲಿ ಹೇರೆತ್ತುಗಳ ಸಾಲೇ ಸರಕು ಸಾಗಣೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ.

ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದಾಗ ಮೈಸೂರಿಗೆ ಈ ರೇವುಗಳೆಲ್ಲ ಒಮ್ಮೆಲೇ ದಕ್ಕಿದವು. ಅವನು ಮಂಗಳೂರಿನಲ್ಲಿ ನೌಕಾಪಡೆ ಕಟ್ಟಲು ತೊಡಗಿದನು. ಟಿಪ್ಪು ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿ ಇಟ್ಟನು. ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. 1786ರಲ್ಲಿ ತುರ್ಕಿಯ ಸುಲ್ತಾನನ ಬಳಿಗೆ ಹೊರಟ ಅವನ ರಾಯಭಾರಿಗಳು ಗೋಕರ್ಣದ ಬಳಿಯ ತದಡಿಯಲ್ಲಿ ಹಡಗು ಹತ್ತಿದರು. ಟಿಪ್ಪುವಿನ ರಾಜನೀತಿಯ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ; ಇರಲಿ. ಒಳನಾಡಿನ ರಾಜ್ಯವೊಂದು ಬಂದರಿನ ಬೆಲೆಯನ್ನು ಹೀಗೆ ಅರಿತದ್ದು ಅಪರೂಪ ಎಂಬುದರಲ್ಲಿ ಭಿನ್ನಾಭಿಪ್ರಾಯ ಬೇಕಿಲ್ಲ.

ಆ ಬೆಲೆಯನ್ನು ಇಂಗ್ಲಿಷರೂ ಅರಿತಿದ್ದರು. 1798ರಲ್ಲಿ ಮಾರಿಷಸ್‌ನಿಂದ ಸುಮಾರು ನೂರು ಮಂದಿ ಫ್ರೆಂಚ್ ಪಕ್ಷದ ಸ್ವಯಂಸೇವಕರು ಮಂಗಳೂರಿನಲ್ಲಿ ಇಳಿದದ್ದೇ ವೆಲ್ಲೆಸ್ಲಿಗೆ ಯುದ್ಧಕ್ಕೆ ಸಾಕಾದ ನೆಪವಾಯಿತು. ಯುದ್ಧ ಮುಗಿದ ಮೇಲೆ 1799ರ ವಿಭಜನೆಯಲ್ಲಿ ಕನ್ನಡ ಜಿಲ್ಲೆ, ವಯನಾಡು, ಕೊಯಮತ್ತೂರುಗಳನ್ನು ಕಂಪನಿ ತನಗೇ ಇಟ್ಟುಕೊಂಡಿತು. ಒಡೆಯರಿಗೆ ಮರಳಿ ಬಂದ ಮೈಸೂರಿಗೆ ಯಾವ ದಿಕ್ಕಿನಲ್ಲಿಯೂ ಕಡಲಿರಲಿಲ್ಲ.

ಇದರ ಪರಿಣಾಮ ಒಂದು, ಸುಂಕ. ಹಡಗಿನಿಂದ ಇಳಿಯುವ ಸರಕಿನ ಮೇಲಿನ ಸುಂಕ ಬಂದರಿನ ಒಡೆಯನಿಗೆ. ಮೈಸೂರಿನ ಮನೆಯಲ್ಲಿ ಉರಿಯುವ ಸೀಮೆಎಣ್ಣೆಯ ಬೆಲೆಯಲ್ಲಿ ಸೇರಿದ್ದ ಸುಂಕ ಬ್ರಿಟಿಷ್ ಸರಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು. ಬಂದರು ಉಳಿಸಿಕೊಂಡಿದ್ದ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳು 1865ರಲ್ಲಿ ಒಪ್ಪಂದ ಮಾಡಿಕೊಂಡು ಸುಂಕದ ವಿಷಯದಲ್ಲಿ ತಮ್ಮ ಹಿತವನ್ನು ಕಾಪಾಡಿಕೊಂಡವು. ನಮಗೆ ಕೇಳಲು ಹಕ್ಕೇ ಇರಲಿಲ್ಲ.

ಎರಡನೆಯದು, ದಾರಿಗಳ ದಿಕ್ಕು. ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಮಂಜರಾಬಾದ್, ಆಗುಂಬೆ ಘಟ್ಟಗಳಲ್ಲಿ ರಸ್ತೆಗಳಾದವು, ಕಾಫಿಯ ಗಾಡಿಗಳು ಮಂಗಳೂರಿಗೆ ಇಳಿದವು, ಅದನ್ನು ಮರೆಯಬಾರದು. ಆದರೆ ಹಳಿ ಹೋದದ್ದು ಪೂರ್ವಕ್ಕೆ. ಮದರಾಸು ರೈಲು 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ಬಂದು ನಿಂತಿತು. ಮದರಾಸಿಗೇನು ಪ್ರಕೃತಿ ಕೊಟ್ಟ ಬಂದರು ಇತ್ತೆ? ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಹಲಗೆಗಳನ್ನು ಹುರಿಯಿಂದ ಹೊಲಿದ ಮಸೂಲ ದೋಣಿಗಳು ಅಬ್ಬರದ ಅಲೆಗಳ ನಡುವೆ ಸರಕನ್ನೂ ಜನರನ್ನೂ ದಡಕ್ಕೆ ತರುತ್ತಿದ್ದವು. 1870ರ ದಶಕದಲ್ಲಿ ಕಟ್ಟಲಾರಂಭಿಸಿದ ತಡೆಗೋಡೆಯನ್ನು 1881ರ ಚಂಡಮಾರುತ ಒಡೆದುಹಾಕಿತು. ಇಂಥ ತೀರಕ್ಕೆ ರೈಲು ಹೋಯಿತು, ಏಕೆಂದರೆ ಅಲ್ಲಿ ಸರಕಾರವಿತ್ತು. ಪ್ರಕೃತಿಯೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಆ ರೈಲು ಬೆಂಗಳೂರಿನಲ್ಲೇ ನಿಂತದ್ದಕ್ಕೆ ನಾವು ತೆತ್ತ ಬೆಲೆ 1876ರಿಂದ 1878ರ ಮಹಾ ಕ್ಷಾಮದಲ್ಲಿ ಕಂಡಿತು. ಹೊರಗಿನ ಧಾನ್ಯ ರೈಲಿನಲ್ಲಿ ಬೆಂಗಳೂರಿನವರೆಗೆ ಬಂದಿತು. ಅಲ್ಲಿಂದ ಆಚೆಗೆ ಎತ್ತಿನ ಗಾಡಿಯೇ ಗತಿ. ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಕ್ಷಾಮವೆಂದರೆ ಧಾನ್ಯ ಇಲ್ಲದಿರುವುದು ಮಾತ್ರವಲ್ಲ, ಇರುವ ಧಾನ್ಯ ಹಸಿದವನ ಬಳಿಗೆ ಬಾರದಿರುವುದೂ ಹೌದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಸಹಜವಾಗಿ ಹೆಚ್ಚಬೇಕಾಗಿದ್ದವರನ್ನೂ ಸೇರಿಸಿಕೊಂಡರೆ ನಷ್ಟ ಇನ್ನೂ ದೊಡ್ಡದು. ಬೆಂಗಳೂರು-ಮೈಸೂರು ರೈಲು ಈ ಕ್ಷಾಮದ ಬೆನ್ನಿಗೇ ಬಂದದ್ದು ಆಕಸ್ಮಿಕವಲ್ಲ. 1891ರಲ್ಲಿ ಅದು ನಮ್ಮ ಬಡಾವಣೆಯ ಬದಿಯಿಂದ ಹಾದು ನಂಜನಗೂಡಿಗೂ, 1926ರಲ್ಲಿ ಚಾಮರಾಜನಗರಕ್ಕೂ ಹೋಯಿತು.

ಬಂದರು ಗಡಿಯನ್ನೂ ಎಳೆಯಬಲ್ಲದು ಎಂಬುದಕ್ಕೆ ಕಾರವಾರ ಸಾಕ್ಷಿ. ಕನ್ನಡ ಜಿಲ್ಲೆ ಪೂರ್ತಿಯಾಗಿ ಮದರಾಸು ಪ್ರಾಂತದಲ್ಲಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡದ ಮೇಲಿತ್ತು. ಬೆಳೆ ಒಂದು ಸರಕಾರದ ಕೈಯಲ್ಲಿ, ಬಂದರು ಇನ್ನೊಂದರ ಕೈಯಲ್ಲಿ ಇದ್ದರೆ ನಡುವಿನ ರಸ್ತೆಗೆ ಹಣ ಹಾಕುವವರು ಯಾರು? ಆದುದರಿಂದ 1862ರಲ್ಲಿ ಜಿಲ್ಲೆಯನ್ನು ಸೀಳಿ ಉತ್ತರ ಭಾಗವನ್ನು ಮುಂಬಯಿಗೆ ಸೇರಿಸಿದರು. ಘಟ್ಟದಲ್ಲಿ ಗಾಡಿ ರಸ್ತೆಗಳಾದವು, ಕಾರವಾರಕ್ಕೆ ಹತ್ತಿಯ ಅಂಡಿಗೆಗಳು ಇಳಿದವು. ಆದರೆ ರೈಲು ಬರಲಿಲ್ಲ. 1888ರಲ್ಲಿ ಪೋರ್ಚುಗೀಸ್ ಗೋವೆಯ ಮುರಗಾಂವ್ ಬಂದರಿನಿಂದ ಕ್ಯಾಸಲ್ ರಾಕ್ ಘಟ್ಟ ಹತ್ತಿದ ಹಳಿ ಹುಬ್ಬಳ್ಳಿಯ ಕಡೆಯ ದಾರಿಗೆ ಕೂಡಿಕೊಂಡಿತು. ಕಾರವಾರದ ವ್ಯಾಪಾರವೆಲ್ಲ ಅತ್ತ ಹರಿದುಹೋಯಿತು. ಪ್ರಕೃತಿ ಅಷ್ಟು ಸುಂದರವಾದ ಕೊಲ್ಲಿಯನ್ನು ಕೊಟ್ಟಿದ್ದರೂ ಹಳಿ ಬಾರದ ಬಂದರು ಸೊರಗಿತು. ಹತ್ತಿಗಾಗಿ ಎಳೆದ ಗಡಿ ಮಾತ್ರ ಹತ್ತಿ ಹೋದ ಮೇಲೂ ಉಳಿಯಿತು. ಕನ್ನಡದ ಕರಾವಳಿ 1956ರವರೆಗೆ ಎರಡು ಹೋಳಾಗಿತ್ತು.

ಮೈಸೂರಿನ ದಿವಾನರಲ್ಲಿ ಈ ಕೊರತೆಯನ್ನು ನೇರವಾಗಿ ಎದುರಿಸಿದವರು ವಿಶ್ವೇಶ್ವರಯ್ಯನವರು. ಭಟ್ಕಳದಲ್ಲಿ ಸಂಸ್ಥಾನಕ್ಕೊಂದು ಬಂದರು, ಅಲ್ಲಿಗೆ ಮಲೆನಾಡಿನಿಂದ ರೈಲು ಎಂಬುದು ಅವರ ಯೋಜನೆ. ಭಟ್ಕಳ ಮುಂಬಯಿ ಪ್ರಾಂತದ್ದು. ಪರರ ನೆಲದಲ್ಲಿ ಬಂದರು ಕೇಳಬೇಕಾಗಿತ್ತು. ಅದು ಕೈಗೂಡಲಿಲ್ಲ. ಅದೇ ವರ್ಷಗಳಲ್ಲಿ ಕಡಲು ಇನ್ನೊಂದು ರೀತಿಯಲ್ಲಿ ನಮ್ಮ ಬೀದಿಗೇ ಬಂದಿತು. ಮೈಸೂರಿನ ಗಂಧದ ಕೊರಡುಗಳು ಹಡಗೇರಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧದಿಂದ ಆ ದಾರಿ ಮುಚ್ಚಿ, ಕೊರಡುಗಳು ಉಗ್ರಾಣದಲ್ಲಿ ಉಳಿದವು. ಎಣ್ಣೆಯನ್ನು ಇಲ್ಲಿಯೇ ಏಕೆ ತೆಗೆಯಬಾರದು ಎಂಬ ಯೋಚನೆಯಿಂದ 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಕಾರ್ಖಾನೆಗಳಾದವು. ಮಾನಂದವಾಡಿ ರಸ್ತೆಯ ಗಂಧದೆಣ್ಣೆ ಕಾರ್ಖಾನೆ ಹುಟ್ಟಿದ್ದು ಹಡಗು ನಿಂತದ್ದರಿಂದ. ಬಂದರು ಇಲ್ಲದವನಿಗೆ ಆದ ಲಾಭ ಇದೊಂದೇ ಇರಬೇಕು!

ಇನ್ನು ಮಂಗಳೂರು. ಅದಕ್ಕೆ 1907ರಲ್ಲೇ ರೈಲು ಬಂದಿತ್ತು, ಆದರೆ ದಕ್ಷಿಣದಿಂದ, ಮಲಬಾರಿನ ಕಡೆಯಿಂದ. ಮೈಸೂರಿನವನು ರೈಲಿನಲ್ಲೇ ಮಂಗಳೂರಿಗೆ ಹೋಗುವುದಾದರೆ ಬೆಂಗಳೂರು, ಜೋಲಾರಪೇಟೆ, ಈರೋಡು, ಶೋರನೂರು, ಕಲ್ಲಿಕೋಟೆ ಎಂದು ದಕ್ಷಿಣ ಭಾರತವನ್ನೇ ಸುತ್ತಬೇಕಾಗಿತ್ತು. ಹಳೆಯ ಬಂದರು ಇದ್ದದ್ದು ನೇತ್ರಾವತಿ-ಗುರುಪುರ ನದಿಗಳ ಅಳಿವೆಯಲ್ಲಿ. ಹೂಳಿನಿಂದಾಗಿ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಅದು ಹೊರಗೆ ನಿಲ್ಲುತ್ತಿತ್ತು, ಕಾಫಿ, ಗೋಡಂಬಿ, ಹೆಂಚುಗಳನ್ನು ದೋಣಿಗಳಲ್ಲಿ ಒಯ್ದು ತುಂಬಿಸುತ್ತಿದ್ದರು. ಮಳೆಗಾಲದಲ್ಲಿ ಅದೂ ಬಂದ್. ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ದೂರದೂರದ ಮಾಡುಗಳನ್ನು ಹೊದಿಸಿದ್ದು ಇಂಥ ಬಂದರಿನಿಂದಲೇ ಎಂದರೆ ಆಶ್ಚರ್ಯವಾಗುತ್ತದೆ.

ಕರಾವಳಿ ಮತ್ತು ಮೈಸೂರು ಒಂದೇ ರಾಜ್ಯವಾದದ್ದು 1956ರಲ್ಲಿ. ಮುಂದಿನದೆಲ್ಲ ಬೇಗ ಬೇಗ ನಡೆಯಿತು ಎನ್ನಬೇಕು. ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರ ಒತ್ತಾಸೆಯಿಂದ ಪಣಂಬೂರಿನಲ್ಲಿ ನೆಲವನ್ನೇ ತೋಡಿ ಕಡಲನ್ನು ಒಳಗೆ ಬಿಟ್ಟುಕೊಳ್ಳುವ ಹೊಸ ಬಂದರಿನ ಕೆಲಸ ಆರಂಭವಾಯಿತು. ಮಲ್ಯರು 1965ರಲ್ಲಿ ತೀರಿಕೊಂಡರು. ತಾವು ಹೋರಾಡಿ ತಂದದ್ದನ್ನು ನೋಡಲಿಲ್ಲ. 1974ರಲ್ಲಿ ಅದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಯಾಯಿತು. ಬಂದರು ಆದೊಡನೆ ಅದರ ಹಿಂದೆ ಹಳಿ ಬಂದಿತು. ಹಾಸನ-ಮಂಗಳೂರು ರೈಲು ಮಾರ್ಗ 1979ರಲ್ಲಿ ಪೂರ್ಣವಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು; ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿತ. ಹಳಿಯ ಅಗಲ ಬದಲಿಸಲೆಂದು 1996ರಲ್ಲಿ ನಿಂತ ಘಟ್ಟದ ರೈಲು ಮತ್ತೆ ಪ್ರಯಾಣಿಕರನ್ನು ಹೊತ್ತದ್ದು 2007ರ ಡಿಸೆಂಬರಿನಲ್ಲಿ. ಆದರೆ ಸರಕು ಗಾಡಿಗಳು 2006ರಲ್ಲೇ ಓಡುತ್ತಿದ್ದವು. ಬಂದರಿಗೆ ಮೊದಲ ಮಣೆ ಎಂಬುದು ಇದರಿಂದಲೂ ತಿಳಿಯುತ್ತದೆ. ಕುದುರೆಮುಖದ ಅದಿರು ಮಾತ್ರ ರೈಲನ್ನೂ ಕಾಯಲಿಲ್ಲ. ನೀರಿನಲ್ಲಿ ಕಲಸಿದ ರಾಡಿಯಾಗಿ 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಕಾಡಿನ ಹಿತದೃಷ್ಟಿಯಿಂದ ಒಳ್ಳೆಯದೇ ಆಯಿತು.

ಹಾಗೆಂದು ಎಲ್ಲವೂ ಪಶ್ಚಿಮಕ್ಕೆ ತಿರುಗಿತೆಂದಲ್ಲ. ಬೆಂಗಳೂರಿನ ಸುತ್ತಿನ ಕಾರ್ಖಾನೆಗಳ ಕಂಟೇನರುಗಳಲ್ಲಿ ಹೆಚ್ಚಿನವು ಇಂದಿಗೂ ಚೆನ್ನೈಗೇ ಹೋಗುತ್ತವೆ. ಹಡಗು ಸರಕು ಇರುವಲ್ಲಿಗೆ ಬರುತ್ತದೆ, ಸರಕು ಹಡಗು ಬರುವಲ್ಲಿಗೆ ಹೋಗುತ್ತದೆ. ಒಮ್ಮೆ ಬಿದ್ದ ಜಾಡು ಸುಲಭವಾಗಿ ಅಳಿಯುವುದಿಲ್ಲ. ಶಿವಮೊಗ್ಗದಿಂದ ಹೊರಟ ಹಳಿ ಸ್ವಾತಂತ್ರ್ಯಕ್ಕೆ ಮೊದಲೇ ತಾಳಗುಪ್ಪದವರೆಗೆ ಹೋಗಿ, ಹೊನ್ನಾವರಕ್ಕೆ ಇಳಿಯದೆ ನಿಂತಿದೆ. ನಮ್ಮ ಚಾಮರಾಜನಗರದ ಹಳಿ ಮೆಟ್ಟುಪಾಳ್ಯವನ್ನು ಮುಟ್ಟಿಲ್ಲ, ಹುಬ್ಬಳ್ಳಿ-ಅಂಕೋಲ ಹಳಿಯೂ ಆಗಿಲ್ಲ. ಇವೆಲ್ಲ ಆಗಲೇಬೇಕೆಂದು ನಾನು ಹೇಳಲಾರೆ. ನೂರು ವರ್ಷಗಳ ಹಿಂದೆ ಕಾಡನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಇಂದು ಸತ್ಯಮಂಗಲದ ಆನೆಗಳಿಗೂ ಕಾಳಿಯ ಕಣಿವೆಗೂ ಉಳಿದಿರುವುದು ಅಷ್ಟೇ ಜಾಗ. ಆಗಬೇಕಾಗಿದ್ದ ಕಾಲದಲ್ಲಿ ನಮಗೆ ಕಡಲಿರಲಿಲ್ಲ.

ಸದ್ದಿಲ್ಲದೆ ಘಟ್ಟ ಹತ್ತಿದ ಸರಕು ಒಂದಿದೆ. ಮಂಗಳೂರಿನಿಂದ ಹಾಸನ, ಮೈಸೂರುಗಳ ಮೂಲಕ ಬೆಂಗಳೂರಿಗೆ ಅಡುಗೆ ಅನಿಲದ ಕೊಳವೆ ಮಾರ್ಗವಿದೆ. ಪಣಂಬೂರಿನಲ್ಲಿ ಹಡಗಿನಿಂದ ಇಳಿದ ಅನಿಲ ನೆಲದೊಳಗೇ ಹರಿದು ಮೈಸೂರಿಗೆ ಬಂದು ಸಿಲಿಂಡರು ತುಂಬಿ ನಮ್ಮ ಒಲೆಗಳನ್ನು ಮುಟ್ಟುತ್ತದೆ. ಹೇರೆತ್ತುಗಳು ಉಪ್ಪು ಹೊತ್ತು ಹತ್ತಿದ್ದೂ ಇದೇ ಘಟ್ಟವನ್ನೇ.