ಸೊನ್ನೆ ಸುತ್ತಿದ ಹಾಡುಗಾರನ ಕಥೆ

ಯೂರೋವಿಷನ್ ಅಂತ ಒಂದು ಹಾಡಿನ ಸ್ಪರ್ಧೆ ಇದೆ, 1956ರಲ್ಲಿ ಶುರುವಾದದ್ದು. ಒಂದು ದೇಶಕ್ಕೆ ಒಂದು ಹಾಡು, ಅಂಕ ಕೊಡೋದು ಬೇರೆ ದೇಶಗಳವರು. 1974ರಲ್ಲಿ ಇಲ್ಲಿ ಗೆದ್ದ ಆಬಾ ತಂಡ ನಮ್ಮಲ್ಲೂ ಎಷ್ಟೋ ಜನಕ್ಕೆ ಗೊತ್ತು. ನಾನು ಹೇಳಹೊರಟಿರೋದು ಸೋತವನೊಬ್ಬನ ಕಥೆ. ನಾರ್ವೆಯ ಯಾನ್ ಟೈಗನ್.

1949ರಲ್ಲಿ ಟೋನ್ಸ್‌ಬರ್ಗ್ ಅನ್ನೋ ಊರಲ್ಲಿ ಹುಟ್ಟಿದ ಈತ ಪೊಪೊಲ್ ಏಸ್ ಎಂಬ ರಾಕ್ ತಂಡದಲ್ಲಿ ಹಾಡುತ್ತಿದ್ದ. ಯೂರೋವಿಷನ್‌ಗೆ ಹೋಗಬೇಕಾದರೆ ಮೊದಲು ನಾರ್ವೆಯೊಳಗಿನ ಆಯ್ಕೆ ಸ್ಪರ್ಧೆ ಗೆಲ್ಲಬೇಕು. 1976ರಲ್ಲಿ ಅಲ್ಲಿಗೆ ಅಸ್ಥಿಪಂಜರದ ವೇಷ ಹಾಕಿಕೊಂಡು ಹೋಗಿ 'ವೂಡೂ' ಅಂತ ಹಾಡಿದ್ದ! ಗೆಲ್ಲಲಿಲ್ಲ. ಗೆದ್ದದ್ದು 1978ರಲ್ಲಿ, ಕಾಯ್ ಐಡೆ ಬರೆದ 'ಮಿಲ್ ಎತ್ತೆರ್ ಮಿಲ್' ಹಾಡಿನಿಂದ. (ಇದನ್ನು 'ಮೈಲಿ ಮೈಲಿ' ಅಂದರೆ ಸಾಲದು. ನಾರ್ವೆಯವರ ಒಂದು ಮಿಲ್ ಅಂದ್ರೆ ಹತ್ತು ಕಿಲೋಮೀಟರ್. ನಮ್ಮ 'ಹರದಾರಿ'ಯೇ ವಾಸಿ.)

1978ರ ಏಪ್ರಿಲ್ 22, ಪ್ಯಾರಿಸ್. ಇಪ್ಪತ್ತು ದೇಶಗಳು. ಟೈಗನ್ ಪ್ಯಾಂಟಿನ ಸಸ್ಪೆಂಡರ್ ಎಳೆದೆಳೆದು ಬಿಟ್ಟ, ಕಾಲು ಅಗಲಿಸಿ ಗಾಳಿಯಲ್ಲಿ ಹಾರಿದ. ಗೆದ್ದ ಇಸ್ರೇಲ್‌ಗೆ 157 ಅಂಕ. ಈತನಿಗೆ ಸೊನ್ನೆ.

ಈ ಸೊನ್ನೆಯ ಲೆಕ್ಕ ಸ್ವಲ್ಪ ನೋಡಿ. ಪ್ರತಿ ದೇಶದ ತೀರ್ಪುಗಾರರು ತಮಗೆ ಹಿಡಿಸಿದ ಹತ್ತು ಹಾಡುಗಳಿಗೆ ಮಾತ್ರ 12, 10, 8, 7 ಹೀಗೆ 1ರವರೆಗೆ ಅಂಕ ಕೊಡುತ್ತಾರೆ. ಹನ್ನೊಂದನೆಯವನಿಗೂ ಸೊನ್ನೆ, ಕಟ್ಟಕಡೆಯವನಿಗೂ ಸೊನ್ನೆ. ಹತ್ತೊಂಬತ್ತು ದೇಶಗಳವರೂ ಟೈಗನ್‌ನನ್ನು ಹನ್ನೊಂದನೇ ಜಾಗದಲ್ಲಿಟ್ಟಿದ್ದರೂ ಬರುತ್ತಿದ್ದದ್ದು ಇದೇ ಸೊನ್ನೆ! ಅಂದರೆ ಈ ಹಾಡು ಎಲ್ಲರಿಗಿಂತ ಕೆಟ್ಟದಾಗಿತ್ತು ಅಂತ ಆ ಅಂಕದಿಂದ ಸಾಬೀತಾಗೋದಿಲ್ಲ. ಆದರೆ ಟಿವಿ ನೋಡೋರಿಗೆ ಇದೆಲ್ಲ ಯಾಕೆ? 1975ರಲ್ಲಿ ಬಂದ ಈ ಪದ್ಧತಿಯಲ್ಲಿ ಸೊನ್ನೆ ಸುತ್ತಿದ ಮೊದಲಿಗ ಅನ್ನೋ ಹಣೆಪಟ್ಟಿ ಅಂಟಿಕೊಂಡಿತು.

ನನಗೆ ಈತ ಇಷ್ಟವಾಗೋದು ಆಮೇಲೆ ಮಾಡಿದ್ದಕ್ಕೆ. ಮುಖ ಮುಚ್ಚಿಕೊಂಡು ಓಡಾಡಲಿಲ್ಲ. ಅದೇ ವರ್ಷ ತಂದ ಆಲ್ಬಮ್ಮಿಗೆ 'ದಿಸ್ ಇಯರ್ಸ್ ಲೂಸರ್' ಅಂತಲೇ ಹೆಸರಿಟ್ಟ! ಸೊನ್ನೆ ಪಡೆದ ಹಾಡು ನಾರ್ವೆಯಲ್ಲಿ ಭರ್ಜರಿ ಹಿಟ್ ಆಯ್ತು. ಈತ ಪ್ರಿಮಾ ವೇರಾ ಅನ್ನೋ ಹಾಸ್ಯ ತಂಡದಲ್ಲೂ ಇದ್ದವನು, ಮನೆಯವರಿಗೆ ಇವನ ತುಂಟತನ ಗೊತ್ತಿತ್ತು. ಹೊರಗಿನವರಿಗೆ ಮೂರು ನಿಮಿಷದಲ್ಲಿ ಅದು ಎಲ್ಲಿಂದ ಅರ್ಥವಾಗಬೇಕು? ಇದು ನನ್ನ ಅಂದಾಜು ಅಷ್ಟೆ :)

1982ರಲ್ಲಿ ಮತ್ತೆ ಹೋದ, ಅನಿತಾ ಸ್ಕೋರ್ಗನ್ ಜೊತೆ, ತಾನೇ ರಾಗ ಹಾಕಿದ 'ಅಡ್ಯೂ' ಹಿಡಿದುಕೊಂಡು. 40 ಅಂಕ, 12ನೇ ಸ್ಥಾನ. ಮರುವರ್ಷ ಮ್ಯೂನಿಕ್‌ನಲ್ಲಿ 'ದೋ ರೇ ಮಿ' ಹಾಡಿ 53 ಅಂಕ ತಂದು ಒಂಬತ್ತನೆಯವನಾದ. ಆ ರಾತ್ರಿ ಸೊನ್ನೆ ಸುತ್ತಿದ್ದು ಸ್ಪೇನ್ ಮತ್ತು ಟರ್ಕಿ. ಅವರ ಹೊಟ್ಟೆಯ ಸಂಕಟ ಅಲ್ಲಿ ಇವನಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತಿದ್ದೀತು?

ನಾರ್ವೆ ಕೊನೆಗೂ ಗೆದ್ದದ್ದು 1985ರಲ್ಲಿ, ಬಾಬಿಸಾಕ್ಸ್ ಎಂಬ ಇಬ್ಬರು ಹೆಂಗಸರ ಜೋಡಿಯಿಂದ. ಟೈಗನ್‌ಗೆ ಮಾತ್ರ ಚಟ ಬಿಡಲಿಲ್ಲ. 2005ರಲ್ಲಿ, 55ನೇ ವಯಸ್ಸಲ್ಲಿ, ಮತ್ತೆ ಆಯ್ಕೆ ಸ್ಪರ್ಧೆಗೆ ನಿಂತ. ಆ ಸಲ ಗೆದ್ದವರು ವಿಗ್ ವಾಮ್ ತಂಡದವರು.

2020ರ ಫೆಬ್ರವರಿ 24ರಂದು ಸ್ವೀಡನ್ನಿನಲ್ಲಿ ತೀರಿಕೊಂಡ. ಪ್ಯಾರಿಸ್ಸಿನ ಆ ಹಾಡು ಎಲ್ಲಾದರೂ ಸಿಕ್ಕರೆ ಒಮ್ಮೆ ನೋಡಿ. ಹಾರೋ ಜಾಗ ಮಾತ್ರ ತಪ್ಪಿಸಿಕೊಳ್ಳಬೇಡಿ.