ಅಳಿಸಿಹೋದ ಒಂದು ಸೊನ್ನೆ: ಶಿಕಾರಿಪುರ–ಸೊರಬದ ಶಾಸನಗಳು ಮತ್ತು ನಮ್ಮ ಶಾಲೆಯ ಕ್ಯಾಮೆರಾ



ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಇತಿಹಾಸ ಪಾಠ ಮಾಡುವ ಅಧ್ಯಾಪಕನಿಗೆ ಬೇರೆಡೆಯವರಿಗಿಲ್ಲದ ಒಂದು ಭಾಗ್ಯವಿದೆ. ಬೇರೆ ಊರುಗಳ ಮಕ್ಕಳಿಗೆ ಕದಂಬರೆಂದರೆ ಪಠ್ಯಪುಸ್ತಕದ ಒಂದೂವರೆ ಪುಟ. ನಮ್ಮ ಮಕ್ಕಳಿಗೆ ಅದು ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಕೈಗೆ ತಾಗುವ ಕಲ್ಲು. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬ, ಬಳ್ಳಿಗಾವಿಯ ಕೇದಾರೇಶ್ವರ ಮತ್ತು ತ್ರಿಪುರಾಂತಕೇಶ್ವರ ಗುಡಿಗಳು, 1047ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಸ್ತಂಭ, ಆನವಟ್ಟಿಯ ಬಳಿ ಕೋಟಿಪುರದ ಕೈಟಭೇಶ್ವರ, ಉದ್ರಿಯ ವೀರಗಲ್ಲುಗಳು. ಹೆಸರಿಲ್ಲದೆ ಕೆರೆ ಏರಿಯ ಮೇಲೂ ಗದ್ದೆಯ ಬದುವಿನಲ್ಲೂ ಒರಗಿ ನಿಂತವುಗಳಿಗಂತೂ ಲೆಕ್ಕವಿಲ್ಲ.

ಈ ಕಲ್ಲುಗಳ ಛಾಯಾಚಿತ್ರ ತೆಗೆಯುವ ಕೆಲಸ ನಾವು ಶಾಲೆಯಲ್ಲಿ ಆರಂಭಿಸಿದ್ದೇನೂ ಅಲ್ಲ. ಅದಕ್ಕೆ ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. 1865ರಲ್ಲಿ, ಲೆವಿನ್ ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದಾಗ, ಮದ್ರಾಸ್ ಕಾಲಾಳು ಪಡೆಯ ಅಧಿಕಾರಿ ಮೇಜರ್ ಹೆನ್ರಿ ಡಿಕ್ಸನ್ ಎಂಬಾತನು ಸಂಸ್ಥಾನದ ಕಲ್ಲು ಮತ್ತು ತಾಮ್ರಪಟಗಳ ಸುಮಾರು 150 ಶಾಸನಗಳ ಛಾಯಾಚಿತ್ರ ತೆಗೆದನು. ಚಿತ್ರದುರ್ಗ, ಹರಿಹರಗಳ ಜೊತೆಗೆ ಬಳ್ಳಿಗಾವಿಯೂ ಅವನ ದಾರಿಯಲ್ಲಿತ್ತು.

ಅಂದಿನ ಛಾಯಾಗ್ರಹಣವೆಂದರೆ ಏನೆಂಬುದನ್ನು ನಾನು ತರಗತಿಯಲ್ಲಿ ವಿವರಿಸುವಾಗ ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ್ದ ‘ಒದ್ದೆ ಫಲಕ’ದ ವಿಧಾನ ಆಗ ರೂಢಿಯಲ್ಲಿತ್ತು. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸವರಿ, ಅದನ್ನು ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಿ, ಒದ್ದೆಯಾಗಿರುವಾಗಲೇ ಕ್ಯಾಮೆರಾದೊಳಗಿಟ್ಟು ಚಿತ್ರ ತೆಗೆದು, ಒಣಗುವ ಮೊದಲೇ ಕತ್ತಲ ಡೇರೆಯೊಳಗೆ ತೊಳೆದು ಮುಗಿಸಬೇಕು. ಇದಕ್ಕೆಲ್ಲ ಸಿಗುವ ಸಮಯ ಹತ್ತು–ಹದಿನೈದು ನಿಮಿಷ. ಬೇಸಗೆಯ ಬಿಸಿಲಿನಲ್ಲಿ ಇನ್ನೂ ಕಡಿಮೆ. ಶಿವಮೊಗ್ಗಕ್ಕೆ ರೈಲು ಬಂದದ್ದೇ 1899ರಲ್ಲಿ. ಅದಕ್ಕೂ ಮೂರು ದಶಕಗಳ ಹಿಂದೆ ಗಾಜು, ಔಷಧಿ, ಡೇರೆ ಇವನ್ನೆಲ್ಲ ಮಲೆನಾಡಿನ ಅಂಚಿನ ಈ ರಸ್ತೆಗಳಲ್ಲಿ ಒಡೆಯದಂತೆ ಸಾಗಿಸಿದವರ ಪಾಡನ್ನು ನೀವೇ ಊಹಿಸಿಕೊಳ್ಳಿ. ಆ ಗಾಡಿ ಹೊಡೆದವರ, ನೀರು ಹೊತ್ತವರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ.

ಡಿಕ್ಸನ್ನನ ಚಿತ್ರಗಳನ್ನು ಓದಿ ಅನುವಾದಿಸುವ ಹೊಣೆ ಬಿದ್ದದ್ದು ಬೆಂಜಮಿನ್ ಲೂಯಿಸ್ ರೈಸ್ ಅವರ ಮೇಲೆ. ನನ್ನಂಥವರಿಗೆ ರೈಸ್ ಅವರ ಮೇಲೆ ವಿಶೇಷ ಮಮತೆಯಿರಲು ಕಾರಣ ಅವರೂ ಮೊದಲಿಗೆ ಮೇಷ್ಟ್ರೇ. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು, ಆಮೇಲೆ ಶಾಲಾ ಇನ್ಸ್‌ಪೆಕ್ಟರ್ ಆದರು. ಶಾಲೆ ತಪಾಸಣೆಗೆಂದು ಊರೂರು ತಿರುಗುವಾಗಲೇ ಅವರಿಗೆ ಶಾಸನಗಳ ಹುಚ್ಚು ಹಿಡಿದದ್ದು. (ನಮ್ಮ ಕಾಲದ ಇನ್ಸ್‌ಪೆಕ್ಟರುಗಳಿಗೆ ಹಾಜರಿ ಪುಸ್ತಕದ ಹೊರತು ಬೇರೆ ಹುಚ್ಚು ಇದ್ದುದನ್ನು ನಾನು ಹೆಚ್ಚಾಗಿ ಕಾಣಲಿಲ್ಲ.) ಡಿಕ್ಸನ್ನನ ಚಿತ್ರಗಳನ್ನು ಆಧರಿಸಿದ ಅವರ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ 1879ರಲ್ಲಿ ಹೊರಬಂದಿತು. ಅಂದರೆ ಸಂಸ್ಥಾನದ ಶಾಸನ ಸಂಗ್ರಹದ ಮಹಾಕಾರ್ಯಕ್ಕೆ ಅಡಿಗಲ್ಲಾದದ್ದು ಛಾಯಾಚಿತ್ರಗಳ ಒಂದು ಕಟ್ಟು. ಮುಂದೆ ಸುಮಾರು 9,000 ಶಾಸನಗಳನ್ನೊಳಗೊಂಡ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳು ಬಂದವು. ಶಿಕಾರಿಪುರದ ಶಾಸನಗಳಿರುವ ಏಳನೆಯ ಸಂಪುಟ 1902ರಲ್ಲಿ, ಸೊರಬದ ಶಾಸನಗಳಿರುವ ಎಂಟನೆಯ ಸಂಪುಟ 1904ರಲ್ಲಿ ಪ್ರಕಟವಾದವು. ಈ ಎಂಟನೆಯ ಸಂಪುಟವೇ ಮುಂದೆ ನನ್ನ ತಪ್ಪನ್ನು ನನಗೆ ತೋರಿಸಿಕೊಟ್ಟಿತು. ಆ ಸಂಗತಿಗೆ ಬರುತ್ತೇನೆ.

ನಾನು ಸೇವೆಗೆ ಸೇರಿದಾಗ ನನ್ನ ಬಳಿ ಇದ್ದದ್ದು ಅಗ್ಫಾ ಕ್ಲಿಕ್ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡು ಚಿತ್ರ. ಹನ್ನೆರಡೂ ಮುಗಿಯುವವರೆಗೆ ಕಾದು, ಪೇಟೆಯ ಸ್ಟುಡಿಯೋಗೆ ಕೊಟ್ಟು, ಮತ್ತೆ ಒಂದು ವಾರ ಕಾಯಬೇಕು. ಹೀಗಾಗಿ ಪ್ರತಿ ಚಿತ್ರಕ್ಕೂ ಮೊದಲು ಯೋಚಿಸುವ ಅಭ್ಯಾಸ ತಾನಾಗಿಯೇ ಬರುತ್ತಿತ್ತು. ಮಕ್ಕಳ ಕೈಗೆ ಅದನ್ನು ಕೊಡಲು ಧೈರ್ಯವಿರಲಿಲ್ಲ. ಬದಲಿಗೆ ಹಾರ್ಲಿಕ್ಸ್ ಡಬ್ಬಿಯ ಒಳಗೆ ಕಪ್ಪು ಬಳಿದು, ಸೂಜಿರಂಧ್ರ ಮಾಡಿ, ಸ್ಟುಡಿಯೋದವರಿಂದ ಬೇಡಿ ತಂದ ಫೋಟೋ ಕಾಗದವನ್ನು ಒಳಗಿಟ್ಟು ಚಿತ್ರ ತೆಗೆಸಿದ್ದೆ. ಶಾಲೆಯ ಮುಂದಿನ ಆಲದ ಮರ ತಲೆಕೆಳಗಾಗಿ, ಬಿಳಿಯದೆಲ್ಲ ಕಪ್ಪಾಗಿ, ಕಪ್ಪೆಲ್ಲ ಬಿಳಿಯಾಗಿ ಕಾಗದದ ಮೇಲೆ ಮೂಡಿದಾಗ ಎಂಟನೆಯ ತರಗತಿಯ ಗದ್ದಲವನ್ನು ಕೇಳಿ ಹೆಡ್‌ಮಾಸ್ಟರರೇ ಓಡಿ ಬಂದಿದ್ದರು.

2006–07ನೆಯ ಶೈಕ್ಷಣಿಕ ವರ್ಷದಲ್ಲಿ ಬಂಧುವೊಬ್ಬರಿಂದ ಮೂರು ಮೆಗಾಪಿಕ್ಸೆಲ್‌ನ ಡಿಜಿಟಲ್ ಕ್ಯಾಮೆರಾ ಎರವಲು ಸಿಕ್ಕಿತು. ಶಾಲೆಯಲ್ಲಿ ಕಂಪ್ಯೂಟರುಗಳೂ ಇದ್ದವು, ಕರೆಂಟು ಇದ್ದಾಗ. ಒಂಬತ್ತನೆಯ ತರಗತಿಯ ಮಕ್ಕಳನ್ನು ಐದೈದು ಜನರ ಗುಂಪು ಮಾಡಿ, ಅವರವರ ಊರಿನ ಕಲ್ಲುಗಳನ್ನು ದಾಖಲಿಸುವ ಯೋಜನೆ ಹಾಕಿಕೊಂಡೆವು.

ಮೊದಲ ಪಾಠವನ್ನು ಕಲ್ಲೇ ಕಲಿಸಿತು. ಅಕ್ಷರ ಕಾಣಲಿಲ್ಲವೆಂದು ನಾನು ನನ್ನ ಜೇಬಿನಲ್ಲಿ ಸದಾ ಇರುತ್ತಿದ್ದ ಸೀಮೆಸುಣ್ಣದಿಂದ ಗೆರೆಗಳನ್ನು ತುಂಬಿಸಿದೆ. ಚಿತ್ರ ಬಲು ಸೊಗಸಾಗಿ ಬಂತು. ಮನೆಗೆ ಬಂದು ನೋಡುತ್ತ ಕುಳಿತಾಗ ಹೊಳೆಯಿತು: ಈ ಚಿತ್ರದಲ್ಲಿರುವುದು ಕಲ್ಲಿನ ಬರಹವಲ್ಲ, ಕಲ್ಲಿನಲ್ಲಿ ಇದೆಯೆಂದು ನಾನು ಭಾವಿಸಿದ ಬರಹ. ಬಿರುಕಿಗೆ ಸುಣ್ಣ ತುಂಬಿದರೆ ಬಿರುಕೂ ಅಕ್ಷರವೇ. ಸುಣ್ಣ ಕಲ್ಲಿಗೂ ಒಳ್ಳೆಯದಲ್ಲ. ಅಂದಿನಿಂದ ಸೀಮೆಸುಣ್ಣವನ್ನು ತರಗತಿಯಲ್ಲೇ ಬಿಟ್ಟು ಹೊರಡುವ ನಿಯಮವಾಯಿತು.

ಬೆಳಕಿನ ಗುಟ್ಟು ಅರ್ಥವಾಗಲು ಎರಡು ಭಾನುವಾರಗಳು ಬೇಕಾದವು. ಸೂರ್ಯ ಕಲ್ಲಿನ ಮುಖಕ್ಕೆ ನೇರವಾಗಿದ್ದರೆ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ, ಅಕ್ಷರಗಳು ಮಾಯವಾಗುತ್ತವೆ. ಬಿಸಿಲು ಮುಖವನ್ನು ಸವರಿಕೊಂಡು ಹೋಗುವ ಹೊತ್ತಿನಲ್ಲಿ ಒಂದೊಂದು ಗೆರೆಯೂ ತನ್ನ ನೆರಳನ್ನು ತಾನೇ ಚೆಲ್ಲುತ್ತದೆ. ಪೂರ್ವಾಭಿಮುಖವಾದ ಕಲ್ಲಿಗೆ ಬೆಳಗಿನ ಎಂಟು ಗಂಟೆ ವ್ಯರ್ಥ. ಹನ್ನೊಂದರ ಮೇಲೆ ಹೋಗಬೇಕು. ಮರದ ನೆರಳಿನಲ್ಲಿರುವ ಕಲ್ಲಿಗೆ ಸೂರ್ಯನೇ ಬರುವುದಿಲ್ಲವಲ್ಲ? ಅದಕ್ಕೆ ಹುಡುಗನೊಬ್ಬ ತನ್ನ ಮಾವನ ಕಟಿಂಗ್ ಸಲೂನಿನಿಂದ ದೊಡ್ಡ ಕನ್ನಡಿಯನ್ನು ಹೊತ್ತು ತಂದನು. ದೂರದ ಬಿಸಿಲಿನಲ್ಲಿ ಇಬ್ಬರು ಕನ್ನಡಿ ಹಿಡಿದು ನಿಂತು ಬೆಳಕನ್ನು ಓರೆಯಾಗಿ ಕಲ್ಲಿಗೆ ಹಾಯಿಸಿದರು. ಐದು ನಿಮಿಷದ ಹಿಂದೆ ಬೋಳಾಗಿದ್ದ ಕಲ್ಲಿನ ಮೇಲೆ ಸಾಲು ಸಾಲಾಗಿ ಹಳಗನ್ನಡದ ಅಕ್ಷರಗಳು ಎದ್ದು ಬಂದುದನ್ನು ನೋಡಿದ ಮಕ್ಕಳ ಮುಖ ನನಗಿನ್ನೂ ನೆನಪಿದೆ.

ವೀರಗಲ್ಲನ್ನು ಓದುವ ಕ್ರಮವನ್ನೂ ಚಿತ್ರ ತೆಗೆಯುತ್ತಲೇ ಕಲಿತರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿ ಒಯ್ಯುವುದು, ಮೇಲೆ ಲಿಂಗದ ಮುಂದೆ ಕುಳಿತ ವೀರ, ಪಟ್ಟಿಕೆಗಳ ನಡುವಿನ ಕಟ್ಟಿನಲ್ಲಿ ಬರಹ. ಇಡೀ ಕಲ್ಲಿನದೊಂದು, ಪಟ್ಟಿಕೆಗೊಂದು, ಬರಹದ ಸಾಲಿಗೊಂದು ಚಿತ್ರ. ಪಕ್ಕದಲ್ಲಿ ಅಳತೆಗೆ ಮರದ ಸ್ಕೇಲು. ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಕಲ್ಲು ಯಾವ ದಿಕ್ಕಿಗಿದೆ ಎಂಬ ವಿವರ. ಇದಲ್ಲದೆ ಗುಂಪಿನಲ್ಲೊಬ್ಬರು ಅಕ್ಷರಗಳನ್ನು ಕಂಡಂತೆ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕಿತ್ತು.

ಈಗ ಆ ಸಂಗತಿ. ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಗುಡಿಯ ಬಳಿ ಇದ್ದ ವೀರಗಲ್ಲಿನ ಚಿತ್ರ ತೆಗೆದ ಗುಂಪಿನಲ್ಲಿ ಕಂಪ್ಯೂಟರಿನಲ್ಲಿ ಬಹಳ ಚುರುಕಾಗಿದ್ದ ಹುಡುಗನಿದ್ದ. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರದ ಕಪ್ಪು–ಬಿಳುಪನ್ನು ಹೆಚ್ಚಿಸುವುದು, ಅಂಚನ್ನು ಕತ್ತರಿಸುವುದು ಮುಂತಾದುವನ್ನು ಅವನೇ ಉಳಿದವರಿಗೆ ಕಲಿಸುತ್ತಿದ್ದ. ಕಲ್ಲಿನ ಮೇಲೆ ಕಲ್ಲುಹೂವು ಬೆಳೆದಿತ್ತು, ಅಲ್ಲಲ್ಲಿ ಗುಳಿಗಳಿದ್ದವು. ಅವನು ತಂತ್ರಾಂಶದ ಕ್ಲೋನ್ ಉಪಕರಣದಿಂದ ಪಕ್ಕದ ನುಣುಪಾದ ಭಾಗವನ್ನು ತೆಗೆದು ಒಂದೊಂದೇ ಕಲೆಯ ಮೇಲೆ ಅಂಟಿಸುತ್ತ ಹೋದ. ಮೂರು ದಿನದ ಶ್ರಮ. ಕಲ್ಲು ನಿನ್ನೆ ತಾನೇ ಕಡೆದಂತೆ ಥಳಥಳಿಸಿತು. ಶಾಲಾ ವಾರ್ಷಿಕೋತ್ಸವದ ಪ್ರದರ್ಶನದಲ್ಲಿ ಆ ಚಿತ್ರಕ್ಕೆ ಪ್ರಥಮ ಬಹುಮಾನವನ್ನು ನಾನೇ ಕೊಡಿಸಿದೆ.

ಅದೇ ಗುಂಪಿನ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದುಕೊಂಡು ಬಂದಳು. “ಸರ್, ಇಲ್ಲಿ ಹೆಸರಿನ ಎರಡನೇ ಅಕ್ಷರದ ಹಿಂದೆ ಒಂದು ಸೊನ್ನೆ ಇತ್ತು. ಫೋಟೋದಲ್ಲಿ ಇಲ್ಲ.”

ನಾನು ಚಿತ್ರವನ್ನು ನೋಡಿದೆ, ನೋಟ್‌ಬುಕ್ ನೋಡಿದೆ. “ಕ್ಯಾಮೆರಾಕ್ಕಿಂತ ನಿನ್ನ ಕಣ್ಣು ಹೆಚ್ಚೇನಮ್ಮಾ? ಅದೊಂದು ಗುಳಿ ಇರಬೇಕು” ಎಂದೆ. ಪಕ್ಕದಲ್ಲಿದ್ದವರು ನಕ್ಕರು. ಅವಳು ಸುಮ್ಮನೆ ಹೋಗಿ ಕುಳಿತಳು.

ಸೊನ್ನೆಯೆಂದರೆ ಸಣ್ಣದೆಂದು ಭಾವಿಸಬೇಡಿ. ‘ಕಂದ’ನ ಸೊನ್ನೆ ಹೋದರೆ ‘ಕದ’ವಾಗುತ್ತದೆ. ಊರು ಕಾಯಲು ಹೋಗಿ ಸತ್ತವನೊಬ್ಬನಿಗೆ ಈ ಲೋಕದಲ್ಲಿ ಉಳಿದದ್ದು ಆ ಒಂದು ಸಾಲು. ಅದರಲ್ಲಿ ಅವನ ಹೆಸರನ್ನೇ ನಾವು ಬದಲಿಸಿ, ಚೌಕಟ್ಟು ಹಾಕಿ, ಗೋಡೆಗೆ ತೂಗುಹಾಕಿದೆವು.

ನಾಲ್ಕೈದು ವರ್ಷಗಳ ಬಳಿಕ ಬೇರೆ ಕೆಲಸಕ್ಕೆಂದು ಗ್ರಂಥಾಲಯವೊಂದರಲ್ಲಿ ಎಂಟನೆಯ ಸಂಪುಟವನ್ನು ತಿರುವುತ್ತಿದ್ದಾಗ ಆ ಹಳ್ಳಿಯ ಹೆಸರು ಕಣ್ಣಿಗೆ ಬಿತ್ತು. ನಮ್ಮ ವೀರಗಲ್ಲಿನ ಪಾಠ ಅಲ್ಲಿತ್ತು, ಸೊನ್ನೆಯೂ ಇತ್ತು. ಮರುದಿನವೇ ಹಳ್ಳಿಗೆ ಹೋದೆ. ಗುಡಿಯ ಜೀರ್ಣೋದ್ಧಾರವಾಗಿತ್ತು. ಸುತ್ತಲೂ ಅಂಗಳವನ್ನು ಎರಡಡಿ ಎತ್ತರಿಸಿ ಕಾಂಕ್ರೀಟು ಹಾಕಿದ್ದರು. ವೀರಗಲ್ಲು ಅಲ್ಲೇ ನಿಂತಿತ್ತು, ಅಪ್ಸರೆಯರಿಂದ ಮೇಲಕ್ಕೆ. ಕಾಳಗದ ಪಟ್ಟಿಕೆಯೂ ಅದರ ಮೇಲಿನ ಬರಹದ ಸಾಲೂ ಸಿಮೆಂಟಿನ ಕೆಳಗೆ. ಊರಿನವರನ್ನು ದೂರುವ ಹಕ್ಕು ನನಗಿರಲಿಲ್ಲ. ಅವರು ಭಕ್ತಿಯಿಂದಲೇ ಮಾಡಿದ್ದರು. ಉಳಿದ ಕಲ್ಲಿಗೆ ಹೂವನ್ನೂ ಏರಿಸಿದ್ದರು.

ಶಾಲೆಗೆ ಬಂದು ಮೂಲ ಚಿತ್ರವನ್ನು ಹುಡುಕಿದೆ. ಹುಡುಗ ತಿದ್ದಿದ ಚಿತ್ರವನ್ನು ಮೂಲದ ಹೆಸರಿನಲ್ಲೇ ಉಳಿಸಿದ್ದನು, ಅಂದರೆ ಮೂಲವೇ ಇರಲಿಲ್ಲ. ಅವನ ತಪ್ಪಲ್ಲ. ಮೂಲವನ್ನು ಬೇರೆ ಕಡೆ ಇಟ್ಟು ನಕಲಿನ ಮೇಲೆ ಮಾತ್ರ ಕೈಯಾಡಿಸಬೇಕೆಂದು ಹೇಳಬೇಕಾಗಿದ್ದವನು ನಾನು. ಅಲ್ಲಿಂದಾಚೆಗೆ ನಿವೃತ್ತನಾಗುವವರೆಗೂ ಪ್ರತಿ ವರ್ಷದ ತಂಡಕ್ಕೂ ಮೊದಲ ದಿನ ಹೇಳುತ್ತಿದ್ದುದು ಇದನ್ನೇ: ಇಡೀ ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡಿ, ಬೇಕಾದರೆ ಕಪ್ಪು–ಬಿಳುಪು ಮಾಡಿ; ಆದರೆ ಕಲ್ಲಿನ ಒಂದು ಚುಕ್ಕೆಯನ್ನೂ ಅಳಿಸಬೇಡಿ, ಸೇರಿಸಬೇಡಿ; ಏನು ಮಾಡಿದಿರೆಂಬುದನ್ನು ಬರೆದಿಡಿ. ಮದುವೆಯ ಫೋಟೋದಲ್ಲಿ ಮೊಡವೆ ಅಳಿಸುವುದು ಬೇರೆ ವಿದ್ಯೆ. ಅದನ್ನು ಕಲಿತು ಬದುಕು ಕಟ್ಟಿಕೊಂಡ ನನ್ನ ಶಿಷ್ಯರಿದ್ದಾರೆ, ಬಹುಮಾನ ಪಡೆದ ಆ ಹುಡುಗನೂ ಅವರಲ್ಲೊಬ್ಬ. ಅವನ ಮೇಲೆ ನನಗೆ ಅಭಿಮಾನವೇ ಇದೆ.

2013ರಲ್ಲಿ ತಾಳಗುಂದದ ಉತ್ಖನನದಲ್ಲಿ ಸಿಂಹಕಟಾಂಜನದ ಶಾಸನ ದೊರೆತು, ಅದನ್ನು ಕ್ರಿ.ಶ. 370ರ ಸುಮಾರಿನದೆಂದು ಗುರುತಿಸಿದ ಸುದ್ದಿ ಬಂದಾಗ ನನ್ನ ಹಳೆಯ ವಿದ್ಯಾರ್ಥಿಗಳು ಫೋನು ಮಾಡಿ ಸಂಭ್ರಮಿಸಿದ್ದರು. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಿಡುತ್ತಿದ್ದಾರೆ. ಕಂಪ್ಯೂಟರಿನ ಪರದೆಯ ಮೇಲೆ ಬೆಳಕನ್ನು ಬೇಕಾದ ದಿಕ್ಕಿನಿಂದ ಹಾಯಿಸಿ ಅಕ್ಷರ ಓದಬಹುದು. ನಮ್ಮ ಸಲೂನಿನ ಕನ್ನಡಿ ಮಾಡಿದ ಕೆಲಸವೇ, ಕಲ್ಲಿನ ಬಳಿಗೆ ಹೋಗದೆ. ಇಂದು ಪ್ರತಿ ಹುಡುಗನ ಜೇಬಿನಲ್ಲೂ ಡಿಕ್ಸನ್ನನು ಕನಸಿನಲ್ಲೂ ಕಾಣದ ಕ್ಯಾಮೆರಾ ಇದೆ. ಅದು ಕೇಳದೆಯೇ ಚಿತ್ರವನ್ನು ನುಣುಪು ಮಾಡಿಕೊಡುತ್ತದೆ ಎಂಬುದನ್ನು ಮಾತ್ರ ಈಗಿನ ಅಧ್ಯಾಪಕರು ಗಮನಿಸಬೇಕು.

ಈ ಲೇಖನ ಬರೆಯುವ ಮೊದಲು ಆ ಹುಡುಗಿಯ ದೂರವಾಣಿ ಸಂಖ್ಯೆಯನ್ನು ಹುಡುಕಿ ಮಾತನಾಡಿದೆ. ಆಕೆ ಈಗ ಸ್ವತಃ ಅಧ್ಯಾಪಕಿ. ನಡೆದದ್ದನ್ನೆಲ್ಲ ಹೇಳಿ, ಅಂದು ನಾನು ಆಡಿದ ಮಾತು ತಪ್ಪಾಯಿತಮ್ಮಾ ಎಂದೆ. ಆಕೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಸರ್, ಆ ನೋಟ್‌ಬುಕ್ಕು ತವರುಮನೆಯ ಅಟ್ಟದ ಮೇಲಿರಬೇಕು. ಹಬ್ಬಕ್ಕೆ ಹೋದಾಗ ನೋಡ್ತೀನಿ” ಎಂದಳು. ಗೌರಿಹಬ್ಬದ ಮರುದಿನ ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ಹಳದಿಯಾದ ಗೆರೆ ಹಾಳೆ, ಒಂದು ಮೂಲೆಯನ್ನು ಇಲಿ ತಿಂದಿದೆ, ಇನ್ನೊಂದು ಮೂಲೆಯನ್ನು ಆಕೆಯ ಹೆಬ್ಬೆರಳು ಒತ್ತಿ ಹಿಡಿದಿದೆ. ಪೆನ್ಸಿಲಿನ ಸಾಲಿನಲ್ಲಿ ಎರಡನೆಯ ಅಕ್ಷರದ ಹಿಂದೆ ಸೊನ್ನೆ ಸ್ಪಷ್ಟವಾಗಿದೆ. ಅದರ ಸುತ್ತ, ಅನುಮಾನವಿದ್ದಲ್ಲಿ ಹಾಕಬೇಕೆಂದು ನಾನೇ ಹೇಳಿಕೊಟ್ಟಿದ್ದ ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ.