ಕೃತ್ರಿಮ ನೂಲಿನ ಆಮದೂ ಸುಂಕದ ವಿಚಾರಣೆಗಳೂ

ಪರದೇಶದ ಸರಕು ಅಗ್ಗವಾಗಿ ಬಂದರೆ ಕೊಳ್ಳುವವನಿಗೆ ಸಂತೋಷ. ಅದನ್ನೇ ಇಲ್ಲಿ ಮಾಡಿ ಮಾರುವವನಿಗೆ ಸಂಕಟ. ವಿಷಯವು ಇಷ್ಟೇ ಆಗಿದ್ದರೆ ಅದನ್ನು ವ್ಯಾಪಾರದ ಸಹಜಸ್ವಭಾವವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಆ ಅಗ್ಗವು ತಯಾರಕನ ಕೌಶಲದಿಂದ ಬಂದುದೋ, ಅಥವಾ ಅವನು ತನ್ನ ದೇಶದಲ್ಲಿ ಹೆಚ್ಚಿನ ಬೆಲೆಗೆ ಮಾರಿ ಮಿಕ್ಕುದನ್ನು ಹೊರಗಿನ ಪೇಟೆಯಲ್ಲಿ ಸುರಿದುದರಿಂದ ಬಂದುದೋ ಎಂಬ ಪ್ರಶ್ನೆಯುಂಟು. ಈ ಎರಡನೆಯ ರೀತಿಗೆ ಇಂಗ್ಲಿಷಿನಲ್ಲಿ ‘ಡಂಪಿಂಗ್’ ಎಂಬ ಹೆಸರು ಬಂದಿತು. ಕನ್ನಡದಲ್ಲಿ ‘ಸುರಿವಿಕೆ’ ಎನ್ನಬಹುದು. ಸುರಿವಿಕೆ ನಡೆದಿದೆಯೇ ಎಂದು ಸರ್ಕಾರಗಳು ವಿಚಾರಣೆ ನಡೆಸಿ ಸುಂಕ ವಿಧಿಸುವ ಪದ್ಧತಿಗೆ ನೂರಿಪ್ಪತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸದಲ್ಲಿ ಬಟ್ಟೆಯ ನೂಲಿಗೆ, ಅದರಲ್ಲಿಯೂ ಮನುಷ್ಯನು ರಾಸಾಯನಿಕ ಕ್ರಿಯೆಯಿಂದ ಮಾಡಿದ ನೂಲಿಗೆ, ದೊಡ್ಡ ಪಾಲು ಸಲ್ಲುತ್ತದೆ. ಇಂಡಿಯಾ ದೇಶದ ಮಟ್ಟಿಗೆ ಈ ಕಥೆಯ ಆರಂಭವೂ ಅದರ ಇತ್ತೀಚಿನ ಘಟ್ಟವೂ ಕನ್ನಡನಾಡಿನೊಡನೆ ಹೆಣೆದುಕೊಂಡಿವೆ.

ಸುರಿವಿಕೆಯ ವಿರುದ್ಧ ಮೊದಲ ಶಾಸನವನ್ನು ಮಾಡಿದುದು ಕೆನಡಾ ದೇಶ, 1904ರಲ್ಲಿ. ನೆರೆಯ ಅಮೆರಿಕಾದ ಉಕ್ಕು ಅಲ್ಲಿಯವರ ಕಣ್ಣ ಮುಂದಿತ್ತು. ಇಂಗ್ಲೆಂಡು ಮತ್ತು ಅಮೆರಿಕಾ ದೇಶಗಳು 1921ರಲ್ಲಿ ಇಂಥ ಕಾಯಿದೆಗಳನ್ನು ಮಾಡಿದುವು. ಎರಡು ವರ್ಷಗಳ ತರುವಾಯ, ಎಂದರೆ 1923ರಲ್ಲಿ, ಷಿಕಾಗೋ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ ಈ ವಿಷಯವನ್ನು ಕುರಿತು ಬರೆದ ಗ್ರಂಥವು ಪ್ರಕಟವಾಯಿತು. ಒಂದೇ ಸರಕಿಗೆ ಎರಡು ದೇಶಗಳ ಪೇಟೆಗಳಲ್ಲಿ ಬೇರೆ ಬೇರೆ ಬೆಲೆಯಿಡುವುದೇ ಸುರಿವಿಕೆಯ ಲಕ್ಷಣವೆಂದು ಅವನು ನಿರ್ಣಯಿಸಿದನು. ಕೂಲಿ ಕಡಮೆಯೆಂದೋ, ನಾಣ್ಯದ ಬೆಲೆ ಇಳಿಯಿತೆಂದೋ ಸರಕು ಅಗ್ಗವಾದರೆ ಅದು ಈ ಲಕ್ಷಣಕ್ಕೆ ಒಳಪಡುವುದಿಲ್ಲ. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಡೆದ ವಾದಗಳೆಲ್ಲ ಇದನ್ನು ಮರೆತುದರಿಂದಲೋ ಮರೆಸಿದುದರಿಂದಲೋ ಹುಟ್ಟಿದುವು.

ಕೃತ್ರಿಮ ನೂಲಿನ ಹುಟ್ಟು ಇದಕ್ಕೂ ಸ್ವಲ್ಪ ಹಿಂದಿನದು. ಫ್ರಾನ್ಸಿನ ಷಾರ್ಡೊನೆ ಎಂಬಾತನು ತಾನು ಮಾಡಿದ ಕೃತಕ ರೇಷ್ಮೆಯನ್ನು 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಜನಕ್ಕೆ ತೋರಿಸಿದನು. 1892ರಲ್ಲಿ ಇಂಗ್ಲೆಂಡಿನ ಕ್ರಾಸ್ ಮತ್ತು ಬೆವನ್ ಎಂಬವರು ‘ವಿಸ್ಕೋಸ್’ ಕ್ರಮಕ್ಕೆ ಹಕ್ಕುಪತ್ರ ಪಡೆದರು. ಮರದ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡಿನೊಡನೆ ಸೇರಿಸಿ ಜೇನಿನಂತೆ ಮಂದವಾದ ದ್ರವವನ್ನು ಮಾಡಿ, ಅದನ್ನು ಸಣ್ಣ ರಂಧ್ರಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಒತ್ತಿದರೆ ಎಳೆಯು ಹೊರಬರುತ್ತದೆ. ಇದೇ ರೇಯಾನ್. ಮರದಲ್ಲಿರುವ ನಾರೇ ಇಲ್ಲಿ ರೂಪಾಂತರ ಹೊಂದುವುದರಿಂದ ಇದನ್ನು ಪೂರ್ಣ ಸಂಶ್ಲೇಷಿತವೆಂದು ಹೇಳಲಾಗದು. 1938ರಲ್ಲಿ ಪ್ರಕಟವಾದ ನೈಲಾನು, 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಪಾಲಿಯೆಸ್ಟರು, ಅನಂತರ ಬಂದ ಅಕ್ರಿಲಿಕ್, ಇವು ಆ ಹೆಸರಿಗೆ ಸರಿಯಾಗಿ ತಕ್ಕವು.

ಪರದೇಶದ ನೂಲು ಬಟ್ಟೆಗಳ ಸ್ಪರ್ಧೆಯನ್ನು ಇಂಡಿಯಾ ಸರ್ಕಾರವು ವಿಧಿವತ್ತಾಗಿ ವಿಚಾರಿಸತೊಡಗಿದುದು 1921-22ರ ಫಿಸ್ಕಲ್ ಕಮಿಷನ್ನಿನ ಶಿಫಾರಸಿನಂತೆ ಟಾರಿಫ್ ಬೋರ್ಡು ಏರ್ಪಟ್ಟ ಮೇಲೆ. ಹತ್ತಿಯ ಗಿರಣಿಗಳ ವಿಷಯವಾಗಿ 1926-27ರಲ್ಲಿ ವಿಚಾರಣೆ ನಡೆಸಿದ ಮಂಡಲಿಗೆ ಫ್ರಾಂಕ್ ನಾಯ್ಸ್ ಅಧ್ಯಕ್ಷರು. ಸದಸ್ಯರಲ್ಲಿ ಒಬ್ಬರು ಮೈಸೂರಿನ ಅರ್ಥಶಾಸ್ತ್ರ ಪ್ರಾಧ್ಯಾಪಕರೂ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರೂ ಆದ ಎನ್. ಎಸ್. ಸುಬ್ಬರಾಯರು. ಜಪಾನಿನ ಗಿರಣಿಗಳಲ್ಲಿ ಹೆಂಗಸರು ರಾತ್ರಿಯ ಪಾಳಿಯಲ್ಲಿ ದುಡಿಯುತ್ತಿದ್ದುದು, ಯಂತ್ರಗಳು ಎರಡು ಪಾಳಿಗಳಲ್ಲಿ ಓಡುತ್ತಿದ್ದುದು ಅಲ್ಲಿ ಚರ್ಚೆಗೆ ಬಂದುವು. ಅದನ್ನು ನ್ಯಾಯವಲ್ಲದ ಸ್ಪರ್ಧೆಯೆಂದು ಕರೆದರೇ ಹೊರತು ಸುರಿವಿಕೆಯ ಲೆಕ್ಕವನ್ನು ಅದಕ್ಕೆ ಹಚ್ಚುವುದು ಸುಲಭವಾಗಿರಲಿಲ್ಲ. ಜಪಾನು 1929ರಲ್ಲಿ ಹೆಂಗಸರ ರಾತ್ರಿ ದುಡಿಮೆಯನ್ನು ನಿಲ್ಲಿಸಿತು. ಅದರ ಬಟ್ಟೆ ಮಾತ್ರ ಮುಂಚಿಗಿಂತಲೂ ಹೆಚ್ಚಾಗಿ ಬಂದಿತು.

1931ರ ಡಿಸೆಂಬರಿನಲ್ಲಿ ಜಪಾನು ಚಿನ್ನದ ಪ್ರಮಾಣವನ್ನು ಬಿಟ್ಟಿತು. ಒಂದು ವರ್ಷದೊಳಗಾಗಿ ಡಾಲರಿನೆದುರು ಯೆನ್ ನಾಣ್ಯದ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಪೌಂಡಿಗೆ ಕಟ್ಟಿಹಾಕಿದ ರೂಪಾಯಿಯೂ ಇಳಿದಿತ್ತಾದರೂ ಅಷ್ಟು ಇಳಿದಿರಲಿಲ್ಲ. ಇದೇ ಕಾಲಕ್ಕೆ ಜಪಾನಿನ ರೇಷ್ಮೆಯ ಮುಖ್ಯ ಗಿರಾಕಿಯಾಗಿದ್ದ ಅಮೆರಿಕಾದಲ್ಲಿ 1929ರಿಂದೀಚೆಗೆ ಐಶ್ವರ್ಯವು ಕರಗಿ ಬೇಡಿಕೆ ಕುಗ್ಗಿತ್ತು. ಅಲ್ಲಿ ಮಾರದೆ ಉಳಿದ ರೇಷ್ಮೆಗೆ ಬೇರೆ ಪೇಟೆ ಬೇಕಾಯಿತು. ಅದರ ಜೊತೆಗೆ ಜಪಾನಿನ ರೇಯಾನ್ ಕಾರ್ಖಾನೆಗಳು ವಿಪರೀತ ವೇಗದಿಂದ ಬೆಳೆದು 1937ರ ಹೊತ್ತಿಗೆ ಅಮೆರಿಕಾವನ್ನೂ ಮೀರಿದುವು. ಹೀಗೆ ಇಂಡಿಯಾದ ಬಂದರುಗಳಿಗೆ ಹತ್ತಿಬಟ್ಟೆ, ನಿಜ ರೇಷ್ಮೆ, ಕೃತ್ರಿಮ ರೇಷ್ಮೆ ಈ ಮೂರೂ ಒಂದೇ ದಿಕ್ಕಿನಿಂದ ಬಂದಿಳಿಯತೊಡಗಿದುವು.

ಸರ್ಕಾರದ ಕೈ ಕಟ್ಟಿತ್ತು. 1904ರ ಇಂಡೋ-ಜಪಾನ್ ವ್ಯಾಪಾರದ ಒಪ್ಪಂದದ ಪ್ರಕಾರ ಜಪಾನಿನ ಸರಕಿಗೆ ಮಾತ್ರ ಪ್ರತ್ಯೇಕವಾದ ಸುಂಕ ಹಾಕುವಂತಿರಲಿಲ್ಲ. ಆದ್ದರಿಂದ 1932ರ ಆಗಸ್ಟಿನಲ್ಲಿ ಬ್ರಿಟಿಷೇತರ ಹತ್ತಿಬಟ್ಟೆಗೆಲ್ಲ ಶೇಕಡ 50, 1933ರ ಜೂನಿನಲ್ಲಿ ಶೇಕಡ 75 ಎಂದು ಸುಂಕವನ್ನು ಏರಿಸಿದರು. 1933ರ ಏಪ್ರಿಲಿನಲ್ಲಿ ಒಪ್ಪಂದವನ್ನು ಮುರಿಯುವುದಾಗಿ ಆರು ತಿಂಗಳ ನೋಟೀಸು ಕೊಟ್ಟು, ಅದೇ ವರ್ಷ ಉದ್ಯಮಗಳ ಸಂರಕ್ಷಣೆಯ ಕಾಯಿದೆಯನ್ನು ಮಾಡಿದರು. ಅತಿ ಕಡಮೆ ಬೆಲೆಗೆ ಆಮದಾಗುವ ಸರಕಿನಿಂದ ನೆಲೆಗೊಂಡ ಉದ್ಯಮಕ್ಕೆ ಅಪಾಯವಾದರೆ ಅಧಿಕ ಸುಂಕ ಹಾಕಬಹುದೆಂಬುದು ಅದರ ತಾತ್ಪರ್ಯ. ಜಪಾನಿನ ನೂಲುಗಿರಣಿಗಳವರು ಇದಕ್ಕೆ ಪ್ರತಿಯಾಗಿ ಇಂಡಿಯಾದ ಹತ್ತಿಯನ್ನು ಬಹಿಷ್ಕರಿಸಿದರು. ಕಡೆಗೆ 1934ರ ಒಪ್ಪಂದದಲ್ಲಿ ಜಪಾನಿನ ಬಟ್ಟೆಗೆ ಸುಂಕವು ಶೇಕಡ 50ಕ್ಕೆ ಇಳಿದು, ವರ್ಷಕ್ಕೆ 40 ಕೋಟಿ ಗಜಗಳ ಗರಿಷ್ಠ ಮಿತಿಯೂ, ಆ ಮಿತಿಗೆ ತಕ್ಕಂತೆ ಇಲ್ಲಿಯ ಹತ್ತಿಯನ್ನು ಕೊಳ್ಳುವ ನಿಬಂಧನೆಯೂ ಏರ್ಪಟ್ಟುವು. ಸುರಿವಿಕೆ ನಡೆದಿತ್ತೇ ಇಲ್ಲವೇ ಎಂಬ ಪ್ರಶ್ನೆ ಬದಿಗೆ ಸರಿದು ಹತ್ತಿಗೂ ಬಟ್ಟೆಗೂ ವಿನಿಮಯದ ಲೆಕ್ಕವು ಉಳಿಯಿತು.

ಮೈಸೂರು ಸಂಸ್ಥಾನಕ್ಕೆ ಹತ್ತಿಗಿಂತ ರೇಷ್ಮೆಯ ಪ್ರಶ್ನೆಯೇ ದೊಡ್ಡದು. ಟಿಪ್ಪುವಿನ ಕಾಲದಲ್ಲಿ ಬೇರೂರಿದ ಈ ಕಸುಬನ್ನು ಜಮ್‌ಷೇಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀ ಕುಶಲಿಗರಿಂದಲೇ ಊರ್ಜಿತಗೊಳಿಸಲು ಯತ್ನಿಸಿದ್ದರು; ಆ ಜಪಾನೇ ಈಗ ಪ್ರತಿಸ್ಪರ್ಧಿ. ಹಿಪ್ಪುನೇರಳೆ ಬೆಳೆಯುವ ರೈತ, ಗೂಡಿನಿಂದ ಚರಕದ ಮೇಲೆ ನೂಲು ತೆಗೆಯುವವರು, ಹುರಿ ಮಾಡುವವರು, ಇವರೆಲ್ಲರ ಜೀವನವೂ ಕಚ್ಚಾ ರೇಷ್ಮೆಯ ಬೆಲೆಯನ್ನು ಅವಲಂಬಿಸಿತ್ತು. ಟಾರಿಫ್ ಬೋರ್ಡು 1933ರಲ್ಲಿ ರೇಷ್ಮೆ ಉದ್ಯಮದ ವಿಚಾರಣೆ ನಡೆಸಿತು. ಅದರ ಫಲವಾಗಿ 1934ರ ಕಾಯಿದೆಯಲ್ಲಿ ಕಚ್ಚಾ ರೇಷ್ಮೆಗೆ ಶೇಕಡ 25ರ ಜೊತೆಗೆ ಪೌಂಡಿಗೆ 14 ಆಣೆಗಳ ಸುಂಕ ಬಂದಿತು. ಬೋರ್ಡು ಕೇಳಿದುದು ಇದಕ್ಕಿಂತ ಹೆಚ್ಚು. ಸರ್ಕಾರ ಕೊಟ್ಟುದು ಕಡಮೆ. 1938ರಲ್ಲಿ ಮತ್ತೆ ವಿಚಾರಣೆಯನ್ನು ಆರಂಭಿಸಬೇಕಾದುದನ್ನು ನೋಡಿದರೆ ಆ ರಕ್ಷಣೆ ಎಷ್ಟರ ಮಟ್ಟಿಗೆ ಸಾಲದಾಗಿತ್ತೆಂಬುದು ತಿಳಿಯುತ್ತದೆ. ಕೊನೆಗೆ ಪರದೇಶದ ರೇಷ್ಮೆಯನ್ನು ತಡೆದುದು ಸುಂಕವಲ್ಲ, ಮಹಾಯುದ್ಧ.

1934ರ ಕಾಯಿದೆಯಲ್ಲಿ ಕೃತ್ರಿಮ ರೇಷ್ಮೆಯ ನೂಲು ಬಟ್ಟೆಗಳೂ ಸೇರಿದ್ದುವು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾದ ಒಂದು ಸಂಗತಿಯಿದೆ. ಆಗ ಇಂಡಿಯಾದಲ್ಲಿ ರೇಯಾನ್ ನೂಲನ್ನು ತಯಾರಿಸುವ ಒಂದು ಕಾರ್ಖಾನೆಯೂ ಇರಲಿಲ್ಲ. ತಿರುವಾಂಕೂರಿನ ಕಾರ್ಖಾನೆ ಕೆಲಸ ಆರಂಭಿಸಿದುದು 1950ರಲ್ಲಿ. ಹಾಗಾದರೆ ಆ ಸುಂಕವು ರಕ್ಷಿಸಿದುದು ಯಾರನ್ನು? ಹುಳುವಿನ ರೇಷ್ಮೆಯವರನ್ನು ಮತ್ತು ಹತ್ತಿಯ ಗಿರಣಿಯವರನ್ನು. ಅದರ ಭಾರವನ್ನು ಹೊತ್ತವರು ಯಾರು? ಕೈಮಗ್ಗದ ನೇಕಾರರು. ಇಳಕಲ್ಲಿನ ಸೀರೆಯ ಸೆರಗು ಅಂಚುಗಳಿಗೆ ಅಲ್ಲಿಯವರು ‘ಚಮಕ’ ಎನ್ನುವ ಕೃತ್ರಿಮ ರೇಷ್ಮೆ ಬಂದು ಸೇರಿದುದು ಹೆಚ್ಚುಕಡಮೆ ಇದೇ ಕಾಲದಲ್ಲಿ. ನಿಜ ರೇಷ್ಮೆಯ ಸೆರಗನ್ನು ಕೊಳ್ಳಲಾರದ ಹೆಂಗಸು ಚಮಕದ ಸೆರಗನ್ನು ಉಟ್ಟಳು; ಮಗ್ಗ ನಿಲ್ಲಲಿಲ್ಲ. ಕನಕಪುರದ ಕಡೆಯ ರೈತನಿಗೆ ಶತ್ರುವಾದ ನೂಲು ಇಳಕಲ್ಲಿನ ನೇಕಾರನಿಗೆ ಅನ್ನವಾಗಿತ್ತು. ಇಬ್ಬರೂ ಕನ್ನಡಿಗರೇ, ಒಬ್ಬನು ಸಂಸ್ಥಾನದ ಪ್ರಜೆ, ಮತ್ತೊಬ್ಬನು ಮುಂಬಯಿ ಆಧಿಪತ್ಯದವನು. ವಿಚಾರಣೆಯ ಮುಂದೆ ಮೊದಲನೆಯವನ ಪರವಾಗಿ ಮಾತಾಡಲು ಒಂದು ಸರ್ಕಾರವೇ ಇತ್ತು. ಎರಡನೆಯವನಿಗೆ ಅಂಥ ಬಲವಿರಲಿಲ್ಲ.

ಸ್ವಾತಂತ್ರ್ಯಾನಂತರದ ನಾಲ್ಕು ದಶಕಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಲೈಸೆನ್ಸಿಲ್ಲದೆ ಸರಕು ಒಳಗೆ ಬರುವಂತೆಯೇ ಇರಲಿಲ್ಲವಾಗಿ ಸುರಿವಿಕೆಯ ದೂರಿಗೆ ಆಸ್ಪದವೂ ಇರಲಿಲ್ಲ. 1947ರ ಗ್ಯಾಟ್ ಒಡಂಬಡಿಕೆಯ ಆರನೆಯ ವಿಧಿಯಲ್ಲಿ ಇದರ ಪ್ರಸ್ತಾಪವಿತ್ತು; ಇಂಡಿಯಾ 1985ರಲ್ಲಿ ನಿಯಮಗಳನ್ನೂ ರಚಿಸಿತು. ಅವು ಬಳಕೆಗೆ ಬಂದುದು 1991ರಲ್ಲಿ ಆಮದಿನ ಕಟ್ಟು ಸಡಿಲವಾದ ಮೇಲೆಯೇ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯು ಸ್ಥಾಪನೆಯಾದಾಗ ಹೊಸ ನಿಯಮಗಳು ಬಂದುವು. ಅವುಗಳ ಪ್ರಕಾರ ಮೂರು ಸಂಗತಿಗಳು ಸಿದ್ಧವಾಗಬೇಕು: ಸರಕನ್ನು ಅದರ ಸಹಜ ಬೆಲೆಗಿಂತ ಕಡಮೆಗೆ ಕಳುಹಿಸಿದುದು, ಇಲ್ಲಿಯ ಉದ್ಯಮಕ್ಕೆ ಹಾನಿಯಾದುದು, ಆ ಹಾನಿಗೆ ಆ ಆಮದೇ ಕಾರಣವಾದುದು. ಒಂದು ಕಿಲೋ ನೂಲು ತನ್ನ ದೇಶದಲ್ಲಿ 100 ರೂಪಾಯಿಗೆ ಮಾರಿ ಇಲ್ಲಿಗೆ 80ಕ್ಕೆ ಬಂದರೆ ಅಂತರವು 20. ಆದರೆ 12 ರೂಪಾಯಿ ಹಾಕಿದರೇ ಇಲ್ಲಿಯವರ ಹಾನಿ ನೀಗುವುದಾದರೆ 12ಕ್ಕಿಂತ ಹೆಚ್ಚು ಹಾಕಲಾಗದು. ಇದು ಇಂಡಿಯಾ ಅನುಸರಿಸಿದ ಅಲ್ಪಸುಂಕದ ನಿಯಮ. ಇವುಗಳಿಗೆಲ್ಲ ಮಿಗಿಲಾದುದು ‘ಸದೃಶ ಸರಕು’ ಎಂಬ ಕಟ್ಟು. ದೂರು ಕೊಡುವವನು ಆಮದಾದ ಸರಕನ್ನೇ, ಇಲ್ಲವೆ ಅದಕ್ಕೆ ಅತಿ ಸಮೀಪದ್ದನ್ನು, ತಯಾರಿಸುವವನಾಗಿರಬೇಕು. ಆದುದರಿಂದ 1934ರಲ್ಲಿ ರೇಯಾನಿನ ಮೇಲೆ ರೇಷ್ಮೆಯವರು ತಂದಂಥ ದೂರನ್ನು ಈ ನಿಯಮಗಳಡಿಯಲ್ಲಿ ತರುವಂತಿಲ್ಲ.

1990ರ ದಶಕದಲ್ಲಿ ಅಮೆರಿಕಾ, ಥೈಲೆಂಡು, ಕೊರಿಯಾಗಳಿಂದ ಬಂದ ಅಕ್ರಿಲಿಕ್ ನಾರು ವಿಚಾರಣೆಗೆ ಗುರಿಯಾಯಿತು. ದೂರು ಕೊಟ್ಟವರು ಬೆರಳಲ್ಲಿ ಎಣಿಸುವಷ್ಟು ಕಾರ್ಖಾನೆಗಳವರು. ಸುಂಕದ ಬಿಸಿ ತಟ್ಟಿದುದು ಲೂಧಿಯಾನದ ಶಾಲು ಸ್ವೆಟರುಗಳ ಸಣ್ಣ ತಯಾರಕರಿಗೆ. 2003ರಲ್ಲಿ ಚೀನಾ ದೇಶದ ಹಿಪ್ಪುನೇರಳೆ ಕಚ್ಚಾ ರೇಷ್ಮೆಗೂ ಸುಂಕ ಬಿದ್ದಿತು. ರಾಮನಗರದ ಗೂಡಿನ ಪೇಟೆಯವರು ಅದನ್ನು ಬಯಸಿದರು, ಕಾಶಿಯ ನೇಕಾರರು ಬಯಸಲಿಲ್ಲ. ಎಪ್ಪತ್ತು ವರ್ಷಗಳಲ್ಲಿ ಪ್ರತಿಪಕ್ಷಗಳ ಊರು ಬದಲಾಗಿತ್ತು, ವ್ಯಾಜ್ಯ ಬದಲಾಗಿರಲಿಲ್ಲ.

ಇಂಡಿಯಾ ಯಾವಾಗಲೂ ದೂರುದಾರನ ಸ್ಥಾನದಲ್ಲಿಯೇ ಇತ್ತೆಂದು ತಿಳಿಯಬಾರದು. ಯೂರೋಪಿನ ಒಕ್ಕೂಟವು ಇಲ್ಲಿಯ ಹಾಸಿಗೆಬಟ್ಟೆಯ ಮೇಲೆ 1997ರಲ್ಲಿ ಹಾಕಿದ ಸುಂಕವನ್ನು ಇಂಡಿಯಾ ಪ್ರಶ್ನಿಸಿ 2001ರಲ್ಲಿ ಗೆದ್ದಿತು. ಅಂತರವು ಋಣವಾಗಿ ಬಂದ ಬಗೆಗಳನ್ನೆಲ್ಲ ಸೊನ್ನೆಯೆಂದು ಎಣಿಸಿ ಒಟ್ಟು ಅಂತರವನ್ನು ಉಬ್ಬಿಸಿದ ಲೆಕ್ಕವು ಅಲ್ಲಿ ಬಯಲಾಯಿತು. ಇತ್ತ 2020ರಲ್ಲಿ ಅಮೆರಿಕಾವು ಚೀನಾದೊಂದಿಗೆ ಇಂಡಿಯಾದ ಪಾಲಿಯೆಸ್ಟರ್ ನೂಲಿಗೂ ಸುಂಕ ವಿಧಿಸಿತು.

ವಿಸ್ಕೋಸ್ ನಾರಿನ ಪ್ರಕರಣವು ಇವೆಲ್ಲಕ್ಕಿಂತ ವಿಚಾರಾರ್ಹವಾದುದು. ಈ ನಾರನ್ನು ಇಂಡಿಯಾದಲ್ಲಿ ಬಹುಕಾಲ ತಯಾರಿಸುತ್ತಿದ್ದುದು ಗ್ರಾಸಿಮ್ ಒಂದೇ ಸಂಸ್ಥೆ. ಮೊದಲ ಕಾರ್ಖಾನೆ 1954ರಲ್ಲಿ ನಾಗ್ದಾದಲ್ಲಿ ಆರಂಭವಾಯಿತು. 1970ರ ದಶಕದಲ್ಲಿ ಹರಿಹರದೆದುರು ತುಂಗಭದ್ರೆಯ ಆಚೆ ದಡದಲ್ಲಿ, ರಾಣಿಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ಮರದ ತಿರುಳಿನದೂ ನಾರಿನದೂ ಕಾರ್ಖಾನೆಗಳು ಎದ್ದುವು. ಚೀನಾ ಮತ್ತು ಇಂಡೋನೇಷ್ಯಾಗಳಿಂದ ಬರುವ ವಿಸ್ಕೋಸ್ ನಾರಿಗೆ 2010ರಲ್ಲಿ ಸುರಿವಿಕೆಯ ಸುಂಕ ಬಿದ್ದಿತು. 2016ರಲ್ಲಿ ಪುನರ್ವಿಮರ್ಶೆ ನಡೆದು ಅದು ಮುಂದುವರಿಯಿತು. ಹಲವು ತಯಾರಕರಿರುವಲ್ಲಿ ‘ದೇಶೀಯ ಉದ್ಯಮದ ಹಾನಿ’ ಎಂದರೆ ಅನೇಕರ ಹಾನಿ. ಒಬ್ಬನೇ ಇರುವಲ್ಲಿ ಅದು ಅವನೊಬ್ಬನ ಲಾಭನಷ್ಟದ ಪಟ್ಟಿಯೇ ಆಗುತ್ತದೆ. ನಾರನ್ನು ಕೊಂಡು ನೂಲುವ ಗಿರಣಿಗಳಿಗೆ ಒಂದು ಕಡೆ ಸುಂಕ, ಮತ್ತೊಂದು ಕಡೆ ಒಬ್ಬನೇ ಮಾರಾಟಗಾರ. ನಿಯಮಗಳು ಬಳಕೆದಾರರಿಗೂ ಮಾತಾಡಲು ಅವಕಾಶ ಕೊಟ್ಟಿವೆಯಾದರೂ, ಅವರ ನಷ್ಟವನ್ನು ತೂಗಿ ನೋಡುವ ತಕ್ಕಡಿಯನ್ನು ಮಾತ್ರ ಕೊಟ್ಟಿಲ್ಲ.

ಆ ತಕ್ಕಡಿ ಬೇರೊಂದು ಕಚೇರಿಯಿಂದ ಬಂದಿತು. 2020ರ ಮಾರ್ಚಿನಲ್ಲಿ ಸ್ಪರ್ಧಾ ಆಯೋಗವು ಈ ಸಂಸ್ಥೆಯು ಮಾರುಕಟ್ಟೆಯಲ್ಲಿ ತನಗಿದ್ದ ಪ್ರಾಬಲ್ಯವನ್ನು ದುರುಪಯೋಗಪಡಿಸಿತೆಂದು ತೀರ್ಮಾನಿಸಿ 301.61 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಹೀಗೆ ಒಂದು ಇಲಾಖೆಯ ಕಡತದಲ್ಲಿ ಹಾನಿಗೊಳಗಾದವನೆಂದು ದಾಖಲಾದವನೇ ಮತ್ತೊಂದರ ಕಡತದಲ್ಲಿ ಹಾನಿ ಮಾಡಿದವನೆಂದು ದಾಖಲಾದನು. ಎರಡು ವಿಚಾರಣೆಗಳ ವಿಷಯವೂ ಒಂದೇ ನಾರು. ಎರಡೂ ತಮ್ಮ ತಮ್ಮ ಶಾಸನಗಳ ಮಿತಿಯಲ್ಲಿ ನಡೆದುವಾದ್ದರಿಂದ ಇದರಲ್ಲಿ ವಿರೋಧವಿಲ್ಲವೆಂದು ವಾದಿಸಬಹುದು. ಹೆಚ್ಚಿನ ಬೆಲೆ ತೆತ್ತ ನೂಲುಗಾರನಿಗೆ ಆ ವಾದದಿಂದ ಸಮಾಧಾನವಾಗಲಾರದು.

ಅದೇ 2020ರ ಆಯವ್ಯಯವನ್ನು ಮಂಡಿಸುತ್ತ, ರಾಜ್ಯಸಭೆಯಲ್ಲಿ ಕರ್ನಾಟಕದ ಪ್ರತಿನಿಧಿಯಾಗಿದ್ದ ಅರ್ಥಮಂತ್ರಿ ನಿರ್ಮಲಾ ಸೀತಾರಾಮನ್ ಅವರು ಪಾಲಿಯೆಸ್ಟರಿನ ಮೂಲವಸ್ತುವಾದ ಪಿ.ಟಿ.ಎ. ಎಂಬ ಆಮ್ಲದ ಮೇಲಿದ್ದ ಸುರಿವಿಕೆಯ ಸುಂಕವನ್ನು ಸಾರ್ವಜನಿಕ ಹಿತಕ್ಕಾಗಿ ತೆಗೆದುಹಾಕುವುದಾಗಿ ಸಾರಿದರು. ವಿಸ್ಕೋಸ್ ನಾರಿನ ಸುಂಕವು ಮತ್ತೊಂದು ವರ್ಷಕ್ಕೂ ಮೇಲ್ಪಟ್ಟು ಉಳಿಯಿತು. 2021ರ ಆಗಸ್ಟಿನಲ್ಲಿ ಅರ್ಥಖಾತೆಯ ಒಂದು ಪ್ರಕಟಣೆಯಿಂದ ಅದು ರದ್ದಾದಾಗ, ವಿಧಿಸಿ ಹನ್ನೊಂದು ವರ್ಷಗಳು ಕಳೆದಿದ್ದುವು.